ಅಥೆನ್ಸಿನಲ್ಲಿ ಪ್ರಭು ಎಲ್ಲಿ?

ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳು ವಾರ್ಷಿಕೋತ್ಸವಕ್ಕೆ ಒಂದು ನಾಟಕ ಆಡುತ್ತಾರೆ. ಅದರಲ್ಲಿ ತಪ್ಪದೆ ಒಂದು ಆಸ್ಥಾನವಿರುತ್ತದೆ. ನಡುವೆ ರಾಜ, ಪಕ್ಕದಲ್ಲಿ ಮಂತ್ರಿ, ಉಳಿದವರು ಸಾಲಾಗಿ ನಿಂತು "ಅಪ್ಪಣೆ ಪ್ರಭು" ಎನ್ನುವವರು. ಈ ವರ್ಷ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಹಳೆಯ ಗ್ರೀಸಿನ ಅಥೆನ್ಸನ್ನು ಆರಿಸಿಕೊಂಡೆ. ಆ ನಗರದ ಜನ ಬೆಟ್ಟದ ಮೇಲೆ ಬಯಲಲ್ಲಿ ಸೇರಿ, ಯುದ್ಧ ಬೇಕೋ ಬೇಡವೋ ಎಂಬುದನ್ನೂ ಕೈಯೆತ್ತಿ ತೀರ್ಮಾನಿಸುತ್ತಿದ್ದರು.

ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದಿದವಳು. ಈಗ ಇಲ್ಲಿ ಅಮೆರಿಕದಲ್ಲಿ, ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಮಾತ್ರೆಗಳ ಜೊತೆ ಬರುವ ಮಾಹಿತಿ ಹಾಳೆಗಳನ್ನು ತಿದ್ದುತ್ತೇನೆ. ತಲೆಸುತ್ತು "ಬರುತ್ತದೆ" ಮತ್ತು "ಬರಬಹುದು" ಒಂದೇ ಅಲ್ಲ ಎಂದು ವಾದಿಸುವುದೇ ನನ್ನ ಉದ್ಯೋಗ. ಹೀಗಾಗಿ, ಅಥೆನ್ಸಿಗೆ ರಾಜನನ್ನು ತರುವ ವಿಷಯದಲ್ಲಿ ನನ್ನಲ್ಲಿ ರಾಜಿ ಇರಲಿಲ್ಲ.

ತೊಡಕು ಬಂದದ್ದು ಧಾರವಾಡದ ಅಂಕಲ್ ಕಡೆಯಿಂದ. ಅವರು ನಿವೃತ್ತ ಇಂಜಿನಿಯರ್, ಪಕ್ಕದ ಊರು ಮನ್ರೋದಲ್ಲಿ ಮಗಳ ಮನೆಯಲ್ಲಿದ್ದಾರೆ. ಎಷ್ಟೋ ವರ್ಷಗಳಿಂದ ನಮ್ಮ ನಾಟಕಗಳ ರಾಜ ಅವರೇ, ಮಕ್ಕಳಿಗೆ ಉಚ್ಚಾರಣೆ ಕಲಿಸುವವರೂ ಅವರೇ. ಹೋದ ವರ್ಷ ಬೈಪಾಸ್ ಆದದ್ದರಿಂದ ವೇದಿಕೆ ಹತ್ತಿರಲಿಲ್ಲ. ಈ ಸಲ ಹತ್ತಿದರೆ ಮಾತ್ರ ತಾವು ಗುಣವಾದ ಲೆಕ್ಕ ಎಂದು ಮನೆಯಲ್ಲಿ ಹೇಳಿದ್ದರಂತೆ. "ಏನರ ಒಂದು ರೋಲ್ ಕೊಡ್ರಿ, ಪ್ಲೀಸ್. ಟಿವಿ ಮುಂದ ಕೂತು ಕೂತು ಭಾಳ ಡಲ್ ಆಗ್ಯಾರ" ಎಂದು ಅವರ ಮಗಳು ನನಗೆ ಫೋನ್ ಮಾಡಿದ್ದರು.

ಮೊದಲ ರಿಹರ್ಸಲ್‌ಗೆ ಅಂಕಲ್ ಚೀಲದಲ್ಲಿ ಕಿರೀಟ ಇಟ್ಟುಕೊಂಡೇ ಬಂದರು. ಸ್ಕ್ರಿಪ್ಟನ್ನು ಕೊನೆಯವರೆಗೆ ತಿರುವಿ ಹಾಕಿ ನನ್ನತ್ತ ನೋಡಿದರು.

"ಏನವಾ, ಇದರಾಗ ರಾಜಾನ ಇಲ್ಲಲ್ಲ?"

"ಅಥೆನ್ಸಲ್ಲಿ ಆಗ ರಾಜ ಇರ್ಲಿಲ್ಲ ಅಂಕಲ್. ಪ್ರಜಾಪ್ರಭುತ್ವ."

"ಅದನ್ನ ಕೇಳಾಕತ್ತೇನಿ. ಪ್ರಜಾ ಇದ್ದಾರ, ಖರೆ. ಪ್ರಭು ಎಲ್ಲಿದ್ದಾನ?"

"ಪ್ರಜೆಗಳೇ ಪ್ರಭುಗಳು."

"ಎಲ್ಲಾರೂ ಪ್ರಭು ಆದರ, 'ಅಪ್ಪಣೆ' ಅನ್ನಾಕ ಯಾರು ಉಳೀತಾರ?"

ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಹಗುರವಾದದ್ದಲ್ಲ. ನಮ್ಮ ಭಾಷೆಯಲ್ಲಿ ರಾಜನ ಕೈಕೆಳಗಿನವನೂ ಪ್ರಜೆ, ಮತ ಹಾಕುವವನೂ ಪ್ರಜೆ. ಅಥೆನ್ಸಿನವರು ತಮ್ಮನ್ನು ಕರೆದುಕೊಂಡ ಪದ ನಗರದಿಂದ ಹುಟ್ಟಿದ್ದು, ನಮ್ಮ 'ನಾಗರಿಕ'ದ ಹಾಗೆ. ಅಲ್ಲೇ ಪೆನ್ನು ತೆಗೆದು 'ಪ್ರಜೆಗಳೇ' ಎಂದಿದ್ದಲ್ಲೆಲ್ಲ 'ನಾಗರಿಕರೇ' ಎಂದು ತಿದ್ದಿದೆ.

"ಸೋ ಐ ಗೆಟ್ ಟು ವೋಟ್?" ಮೊದಲ ಭಾಷಣದ ಪಾತ್ರ ಸಿಕ್ಕಿದ್ದ ಹುಡುಗಿ ಕೇಳಿದಳು.

"ನಿಜವಾದ ಅಥೆನ್ಸಲ್ಲಿ ಇಲ್ಲ. ಹೆಂಗಸರಿಗೆ ಇರ್ಲಿಲ್ಲ, ಗುಲಾಮರಿಗೂ ಇರ್ಲಿಲ್ಲ. ಹೊರಗಿಂದ ಬಂದು ನೆಲೆಸಿ ಟ್ಯಾಕ್ಸ್ ಕಟ್ಟೋರಿಗೂ ಇರ್ಲಿಲ್ಲ."

"ಅಂದ್ರ ನಿಮ್ಮ ಟೀಚರಂಥಾ ಎಚ್‌-ಒನ್ ವೀಸಾ ಮಂದಿಗೆ!" ಅಂಕಲ್ ಬಿಡಲಿಲ್ಲ.

"ಹೌದು ಅಂಕಲ್, ನನ್ನಂಥವರಿಗೇ."

"ಹಂಗಾರ ಸ್ಪಾರ್ಟಾ ಮಾಡೂಣು. ಅಲ್ಲಿ ರಾಜಾ ಇದ್ದಾನಿಲ್ಲೋ?"

"ಇಬ್ಬರಿದ್ದಾರೆ. ಅವರ ಮೇಲೆ ಕಣ್ಣಿಡೋಕೆ ವರ್ಷವರ್ಷ ಆರಿಸೋ ಐದು ಜನ. ರಾಜ ತಪ್ಪು ಮಾಡಿದ್ರೆ ದಂಡ ಹಾಕ್ತಾರೆ."

"ರಾಜಗ ದಂಡ? ಐದು ಮಂದಿ ಸೂಪರ್‌ವೈಸರ್? ಬ್ಯಾಡ ಬಿಡು, ನಾ ದುಡಿದ ಕಂಪನಿನ ಆತು ಅದು." ನಗುತ್ತಲೇ ಹೇಳಿದರು. ಆದರೆ ಕಿರೀಟದ ಚೀಲವನ್ನು ಕೈಗೆತ್ತಿಕೊಂಡರು. "ನೀವ ಮಾಡ್ರಿ. ನಂದೇನೈತಿ ಇದರಾಗ?"

ಹೊರಡಲು ಕೋಟು ಹಾಕಿಕೊಳ್ಳುವಾಗ ಅದರ ತೋಳು ಅವರ ಕೈಗೆ ತಕ್ಷಣ ಸಿಗಲಿಲ್ಲ. ಕರುಣೆಯಿಂದ ಒಂದು ಸಿಂಹಾಸನ ಹಾಕಿಸುವುದು ಸುಲಭವಿತ್ತು. ಅದು ಅವರಿಗೂ ಅಥೆನ್ಸಿಗೂ ಅವಮಾನ. ಅವರಿಗೆ ತಕ್ಕ ಪಾತ್ರ ಆ ಬೆಟ್ಟದ ಮೇಲೆಯೇ ಇತ್ತು.

"ಅಂಕಲ್, ಸಭೆ ಶುರುವಾಗೋದು ಘೋಷಕನಿಂದ. 'ಯಾರು ಮಾತಾಡಲು ಬಯಸುತ್ತೀರಿ?' ಅಂತ ಕೊನೇ ಸಾಲಿಗೆ ಕೇಳೋ ಹಾಗೆ ಕೂಗ್ಬೇಕು. ಮೈಕಿಲ್ಲದೆ."

"ಮೈಕಿಲ್ಲದ?" ಅವರು ತಿರುಗಿ ನಿಂತರು. ಒಮ್ಮೆ ಕೂಗಿ ನೋಡಿದರು. ಪಕ್ಕದ ಯೋಗ ತರಗತಿಯ ಆಂಟಿಯೊಬ್ಬರು ಬಾಗಿಲು ತೆರೆದು ಏನಾಯಿತೆಂದು ವಿಚಾರಿಸಿದರು.

"ಆಮ್ಯಾಲ ನನ್ನ ಡೈಲಾಗ್ ಏನು?"

"ಏನೂ ಇಲ್ಲ. ಯಾರಾದ್ರೂ ಏಳೋವರೆಗೆ ಸುಮ್ನೆ ನಿಂತಿರ್ಬೇಕು."

ಅದು ಅವರಿಗೆ ಎಲ್ಲ ರಾಜರ ಮಾತುಗಳಿಗಿಂತ ಕಷ್ಟವಾಯಿತು. ಪ್ರತಿ ರಿಹರ್ಸಲ್‌ನಲ್ಲೂ ಪ್ರಶ್ನೆ ಕೇಳಿ, ಮರುಕ್ಷಣವೇ "ಏ, ನೀ ಏಳಲೇ" ಎಂದು ಯಾರನ್ನಾದರೂ ಎಬ್ಬಿಸುತ್ತಿದ್ದರು. ನಾನು ಪ್ರತಿಸಲವೂ ಮೊದಲಿಂದ ಮಾಡಿಸಿದೆ.

ವಾರ್ಷಿಕೋತ್ಸವದ ದಿನ, ಬಿಳಿ ಪಂಚೆಯನ್ನು ಹೆಗಲ ಮೇಲೆ ಗ್ರೀಕರಂತೆ ಹೊದ್ದು, ಮಗಳು ಚಾಚಿದ ಕೈ ಹಿಡಿಯದೆ ಮೆಟ್ಟಿಲು ಹತ್ತಿದರು. ಕೂಗು ಸಭಾಂಗಣದ ಹಿಂದಿನ ಗೋಡೆಗೆ ಮುಟ್ಟಿತು. ಏಳಬೇಕಾದ ಹುಡುಗಿ ಏಳಲಿಲ್ಲ. ಮಾತು ಮರೆತು ನೆಲ ನೋಡುತ್ತಿದ್ದಳು.

"ಊಟ ಎಷ್ಟೊತ್ತಿಗೆ ರೀ?" ಮೂರನೆಯ ಸಾಲಿನಿಂದ ಆಂಟಿಯೊಬ್ಬರು ಕೇಳಿದರು. ಇಡೀ ಸಭೆ ನಕ್ಕಿತು.

ಹುಡುಗಿಯ ಮಾತು ಅಂಕಲ್‌ಗೆ ಬಾಯಿಪಾಠವಿತ್ತು, ಕಲಿಸಿದವರೇ ಅವರು. ತುಟಿ ತೆರೆಯಿತು. ಮತ್ತೆ ಮುಚ್ಚಿಕೊಂಡರು. ನಗು ಇಳಿಯಿತು, ಕೆಮ್ಮುಗಳೂ ನಿಂತವು. ಅವರು ಅವಳನ್ನೇ ನೋಡುತ್ತ ಕಾದರು.

ಹುಡುಗಿ ಎದ್ದಳು. "ನಾನು ಮಾತಾಡ್ಬೇಕು. ಆದ್ರೆ ನಂಗೆ ವೋಟ್ ಇಲ್ಲ. ಯಾಕಿಲ್ಲ?"

ನಾನು ಬರೆದ ಸಾಲು ಅದಾಗಿರಲಿಲ್ಲ, ಅದಕ್ಕಿಂತ ಚೆನ್ನಾಗಿತ್ತು. ಅಂಕಲ್ ವೇದಿಕೆಯ ನಡುವನ್ನು ಬಿಟ್ಟು ಹಿಂದೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಊಟದ ಸಾಲಿನಲ್ಲಿ ಅಂಕಲ್ ನನ್ನ ಹಿಂದೆ ಬಂದು ನಿಂತರು. ಬೆವೆತಿದ್ದರು, ಕಣ್ಣು ಹೊಳೆಯುತ್ತಿತ್ತು.

"ಇಷ್ಟು ವರ್ಷ ಒದರಿ ಒದರಿ ಸತ್ತೆ ಬೇ. ಬಾಯಿ ಮುಚ್ಚಿಕೊಂಡು ನಿಂತದ್ದಕ್ಕ ಇವತ್ತ ಚಪ್ಪಾಳಿ ಬಿತ್ತು ನೋಡು!"