ಚಿಕ್ಕಬೀರಮ್ಮನವರ ಜೋತುಬಳ್ಳಿ

ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪಿನ ಸಸಿ ಬೇಕಾದವರು ನಮ್ಮತ್ತೆ ಚಿಕ್ಕಬೀರಮ್ಮನವರನ್ನು ಕೇಳಿಕೊಂಡು ಬರುತ್ತಾರೆ. ಇಪ್ಪತ್ತಾರು ವರ್ಷ ಅವರು ಸಸಿ ಬೆಳೆಸಿದ್ದು ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಯಲ್ಲಿ. ಹೋದ ವರ್ಷ ಅಲ್ಲಿ ಔಷಧಿ ಹೊಡೆದಾಗಲೆಲ್ಲ ನನ್ನ ಎಂಟು ತಿಂಗಳ ಪುಟ್ಟಿ ಕೆಮ್ಮಿದಳು. ಅದೇ ಕಾರಣವೋ ಅಲ್ಲವೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಔಷಧಿಯ ಗಾಳಿ ಬಂದೀತೆಂದು ಕಿಟಕಿ ಮುಚ್ಚುವುದು, ಸೆಕೆಯಾದೀತೆಂದು ತೆಗೆಯುವುದು, ನನಗೆ ಇದೇ ಕೆಲಸ. ಅತ್ತೆಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ದಿನ ಅವರೇ ಅಂದರು: "ಮುಂದ್ಲ ವರ್ಸ ಸಸಿ ಬ್ಯಾಡ ಬುಡು. ಪುಟ್ಟಿ ಕೆಮ್ಮೋದ್ ಕೇಳಿದ್ರೆ ನಂಗೂ ಅನ್ನ ಇಳಿಯಾಕಿಲ್ಲ."

ಅತ್ತೆ ಬೇರೆ ಕೆಲಸ ಕೇಳಿದ್ದಕ್ಕೆ ಹುಣಸೂರಿನ ನರ್ಸರಿಯ ಸುನೀಲ್ಕುಮಾರ್ ಆಷಾಢದಲ್ಲಿ ಇಪ್ಪತ್ತು ಕುಂಡ ಬಳ್ಳಿ ತಂದಿಳಿಸಿದರು. ಅದು ನಮ್ಮ ಕಾಡುಗಳದ್ದೇ ಬಳ್ಳಿ. ಮೇಲೆ ಹಬ್ಬಿ, ದಾರದಂಥ ಮೊಳದುದ್ದದ ಕುಡಿಯಲ್ಲಿ ಹೂ ಇಳಿಬಿಡುತ್ತದೆ. ಹಳದಿ ಒಡಲು, ಕೆಂಪು ತುಟಿ. ದೊಡ್ಡ ಹೋಟೆಲಿನವರು ಗಾಜಿನ ಸೂರಿನಡಿ ಬೆಳೆಸಲು ಕೊಳ್ಳುತ್ತಾರಂತೆ.

"ಶಿವರಾತ್ರಿಗೆ ಬತ್ತೀನಿ ಕಣಮ್ಮ. ಹೂ ಬಿಟ್ಟಿದ್ರೆ ವರ್ಷಾ ವರ್ಷಾ ಬಳ್ಳಿ ಬೆಳೆಸೋ ಕೆಲ್ಸ ನಿಮಗೇ. ಇಲ್ದಿದ್ರೆ ನಿಮ್ಮ ಸೊಪ್ಪೇ ನಿಮ್ಗೆ."

ಶಿವರಾತ್ರಿ ಕಳೆದರೆ ಹೊಗೆಸೊಪ್ಪಿನ ಬೀಜ ಚೆಲ್ಲುವ ಕಾಲ. ನಾನು ದಿನಕ್ಕೆ ನಾಲ್ಕು ಸಲ ಬಳ್ಳಿಯ ಕಡೆ ಇಣುಕುತ್ತಿದ್ದೆ.

ಅತ್ತೆ ಕುಂಡಕ್ಕೊಂದು ಬಿದಿರಿನ ಚೌಕಟ್ಟು ಕಟ್ಟಿದರು. ಎಲೆ ಸೊಂಪಾಗಿ ಬಂತು. ಸಂಕ್ರಾಂತಿ ಬಂದರೂ ಒಂದು ಮೊಗ್ಗಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಸುನೀಲ್ಕುಮಾರ್ ಒಳಗೆ ಬಂದು, ಜೋತುಬಿದ್ದ ದಾರವೊಂದನ್ನು ಹಿಡಿದು ನೋಡಿದರು.

"ತುದಿ ಯಾರಮ್ಮ ಮುರ್ದೋರು?"

ಅತ್ತೆ ತಮ್ಮ ಹೆಬ್ಬೆರಳಿನ ಉಗುರು ನೋಡಿಕೊಂಡರು. ಹೊಲದ ಹೊಗೆಸೊಪ್ಪಿನಲ್ಲಿ ಹೂವಿನ ಕುಡಿ ಕಂಡ ಕೂಡಲೇ ಅವರು ಚಿವುಟುತ್ತಿದ್ದರು, ಎಲೆ ದಪ್ಪವಾಗಲೆಂದು. ನೀರು ಹಾಕುತ್ತಾ ಹೋಗುವಾಗ ಕೈ ತಾನಾಗಿಯೇ ಚಿವುಟಿಬಿಟ್ಟಿತ್ತು.

"ನಾನೇ ಕಣಪ್ಪ. ಈ ಕೈಗೆ ಬೇರೆ ಕಸುಬೇ ಗೊತ್ತಿಲ್ಲ."

"ಹೂ ಬೆಳೀರಿ ಅಂದ್ರೆ ಸೊಪ್ಪು ಬೆಳೆದವ್ರೆ," ಎಂದು ಅವರು ನಕ್ಕು ಹೋದರು. ಅತ್ತೆ ನಗಲಿಲ್ಲ.

ಮರುದಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡರು. ಮಧ್ಯಾಹ್ನದೊಳಗೆ ಅದು ನೆನೆದು ಜಾರಿತ್ತು. ನೆಲದ ಮೇಲೆ ಮೂರು ಕುಡಿ ಬಿದ್ದಿದ್ದವು. ಅದರ ಮರುದಿನ ಅಡುಗೆಮನೆ ಬಾಗಿಲಿಗೆ ಬಂದು ಎರಡೂ ಕೈ ಚಾಚಿದರು.

"ಪುಟ್ಟೀನ ಇತ್ಲಾಗ್ ಕೊಡವ್ವ. ಎರಡೂ ಕೈ ತುಂಬಿದ್ರೆ ಚಿವುಟೋದೆಂಗೆ?"

ಆ ಹಸಿರುಮನೆಯೊಳಗೆ ನಾನು ಮಗುವನ್ನು ಒಮ್ಮೆಯೂ ಬಿಟ್ಟಿರಲಿಲ್ಲ. ಹಾವು, ಹುಳ, ತೇವ, ಎಲ್ಲ ಒಟ್ಟಿಗೆ ನೆನಪಾದವು.

"ಔಷಧಿ ಹೊಡ್ದಿಲ್ವಾ ಅತ್ತೆ?"

"ಬಳ್ಳಿ ಬಂದ ಮ್ಯಾಲೆ ಒಂದ್ ದಿನಾನೂ ಇಲ್ಲ. ಅನುಮಾನ ಇದ್ರೆ ನೀನೂ ಬಾ, ನೀರು ನೀನೇ ಬುಡು."

ಅಂದಿನಿಂದ ಪೈಪು ನನ್ನ ಕೈಗೆ, ಪುಟ್ಟಿ ಅವರ ತೋಳಿಗೆ. ಇಡೀ ಬದುಕಿನ ಅಭ್ಯಾಸವನ್ನು ಅರವತ್ತರಲ್ಲಿ ಬಿಡಲು ಹೊರಟ ಹೆಂಗಸು ಹತ್ತು ಕಿಲೋ ಮಗುವನ್ನು ಹೊತ್ತು ಸಾಲು ಸಾಲು ತಿರುಗುವರು; ಸೊಂಟ ನೋವೆಂದರೂ ಇಳಿಸರು. ಶಿವರಾತ್ರಿಗೆ ವಾರವಿರುವಾಗ ಮೊದಲ ಮೊಗ್ಗು ಬಾಯಿ ತೆರೆಯಿತು. ಪುಟ್ಟಿ ಕೀಳಲು ಕೈ ಚಾಚಿದಳು. "ನಿಂಗೂ ನನ್ ಕೈಯೇ ಬಂದದಲ್ಲೇ," ಎಂದು ಅತ್ತೆ ಅವಳನ್ನು ಆಚೆ ತಿರುಗಿಸಿಕೊಂಡರು.

ಸುನೀಲ್ಕುಮಾರ್ ಬಂದಾಗ ಹದಿನೇಳು ಬಳ್ಳಿ ಜೋತಾಡುತ್ತಿದ್ದವು. ಅವರು ಕುಂಡಗಳನ್ನು ಹೇರಲು ಗಾಡಿಯ ಬಾಗಿಲು ತೆಗೆದು, "ಆಷಾಢಕ್ಕೆ ಮತ್ತೆ ತತ್ತೀನಿ ಕಣಮ್ಮ," ಎಂದರು.

ಆಮೇಲೆ ಸಸಿ ಕೇಳಿಕೊಂಡು ಬಂದವರಿಗೆ ಅತ್ತೆ ಬೇರೆಯವರ ಮನೆ ತೋರಿಸಿದರು. ಅಡುಗೆಮನೆಯ ಕಿಟಕಿ ಈಗ ತೆರೆದೇ ಇರುತ್ತದೆ. ಸೊಳ್ಳೆಗೆಂದು ಜಾಲರಿಯೊಂದನ್ನು ಮಾತ್ರ ಹಾಕಿಸಿದ್ದೇನೆ.