ಹೆಡರ್ ಸರಿಹೋಗುವವರೆಗೂ ಗಂಡಿನವರು ಕಾದರು

"ಸರ್, ಹಾಳಿ ಹಾಳಿಗೂ 'ಕರಡು' ಅಂತ ಬಂದದಲ್ರೀ!"

ಅಫಜಲಪುರದ ಕಂಪ್ಯೂಟರ್ ಅಂಗಡಿಯ ಸುವರ್ಣಾ ಹೀಗೆಂದಾಗ ಪ್ರಿಂಟಾಗಿ ಬಂದಿದ್ದ ಹಾಳೆಗಳನ್ನು ನಾನು ಒಂದೊಂದಾಗಿ ತಿರುವಿ ನೋಡಿದೆ. ತೊಂಬತ್ತರ ದಶಕದ ಕೊನೆಯ ಮಾತು. ಬೇರೆಡೆ ಟೈಪ್ ಮಾಡಿಸಿ ಫ್ಲಾಪಿಯಲ್ಲಿ ತಂದಿದ್ದ ನನ್ನ ಎಂ.ಫಿಲ್. ಪ್ರಬಂಧವನ್ನು ಅಂದು ಸಂಜೆಯೊಳಗೆ ಗುಲಬರ್ಗಾದಲ್ಲಿ ಸಲ್ಲಿಸಬೇಕಿತ್ತು. ಅಕ್ಷರಗಳ ಹಿಂದೆ ಮಸುಕಾಗಿ 'ಕರಡು' ಎಂಬ ವಾಟರ್‌ಮಾರ್ಕ್. ಸಾಲದ್ದಕ್ಕೆ ಆರೂ ಅಧ್ಯಾಯಗಳ ಪುಟಗಳ ಮೇಲ್ಗಡೆಯ ಸಾಲಿನಲ್ಲಿ, ಅಂದರೆ ಹೆಡರ್‌ನಲ್ಲಿ, ಮೊದಲ ಅಧ್ಯಾಯದ್ದೇ ಹೆಸರು.

ಅಷ್ಟರಲ್ಲಿ ಹಿಂದಿನ ಮನೆಯಿಂದ ಅವಳ ತಂದೆ ಬಂದು, "ಗಂಡಿನವರು ಬಂದಾರ, ಲಗೂ ನಡಿಯವ್ವಾ" ಎಂದರು. ಅವಳನ್ನು ನೋಡಲು ಜೇವರ್ಗಿಯಿಂದ ಬಂದಿದ್ದರು. ನಾನು ಕಾಗದ ಎತ್ತಿಕೊಂಡು ಎದ್ದೆ.

"ಕುಂದರ್ರಿ ಸರ್. ಅಪ್ಪಾ, ಅವರಿಗಿ ಚಾ ಕೊಡ್ರಿ. ಇವತ್ತು ತಪ್ಪಿದ್ರ ಸರ್ ಅವರದು ಒಂದು ವರ್ಷ ಹೋಗ್ತದ."

ವಾಟರ್‌ಮಾರ್ಕ್ ಹೆಡರ್‌ನೊಳಗೇ ಕುಳಿತಿದೆ, ಅಧ್ಯಾಯಗಳ ಹೆಡರ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ ಎಂದು ಅವಳು ಕಂಡುಹಿಡಿದಳು. ಒಂದೊಂದೇ ಕೊಂಡಿ ಬಿಡಿಸಿ, 'ಕರಡು' ಅಳಿಸಿ, ಆಯಾ ಅಧ್ಯಾಯದ ಹೆಸರು ಕೂರಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ನಾನು ತಿರುಗಿ ನೋಡಿದರೆ ಬಾಗಿಲಲ್ಲಿ ಗಂಡಿನ ತಾಯಿಯೇ ನಿಂತಿದ್ದರು!

"ತಪ್ಪು ನಂದ್ರಿ" ಎಂದು ಕೈಮುಗಿದೆ.

ಆಕೆ ನಕ್ಕರು. "ಹುಡುಗೀನ ನೋಡಾಕ ಬಂದಿದ್ವಿ. ಛಲೋ ನೋಡಿದ್ವಿ ಬಿಡ್ರಿ."

ಪ್ರಬಂಧ ಅಂದೇ ಸಲ್ಲಿಕೆಯಾಯಿತು. ಅವರ ಮನೆಗೇ ಸುವರ್ಣಾ ಸೊಸೆಯಾಗಿ ಹೋದಳು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ದೊಡ್ಡ ದೊಡ್ಡವರ ಹೆಸರುಗಳಿವೆ, ಅವಳದೊಂದಿಲ್ಲ. ಅದಕ್ಕೇ ಇಷ್ಟು ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ.