ನಲವತ್ತು ಪುಟದಲ್ಲಿ ಅಡಗಿದ್ದ ಒಂದು ಸಾಲು

“ಅಂಕಲ್, ಆ ಡಿಸ್ಕ್ ಕೆಳಗಿಡ್ರಿ.”

ನನ್ನ ಅಕ್ಕನ ಮಗಳು ನಾಗವೇಣಿ ಹೀಗೆ ಹೇಳಿದಾಗ ಗೆಳೆಯ ತಿಪ್ಪೇಸ್ವಾಮಿಯ ಕೈ ಕಂಪ್ಯೂಟರಿನಿಂದ ಒಂದು ಗೇಣು ದೂರದಲ್ಲಿತ್ತು. ಆ ಒಂದು ಗೇಣೇ ಅವನ ಕಾರ್ಖಾನೆಯನ್ನು ಉಳಿಸಿತು ಎಂದರೆ ನಂಬುತ್ತೀರಾ?

ಕಳೆದ ಸೋಮವಾರದ ಮಾತು. ತಿಪ್ಪೇಸ್ವಾಮಿ ಆಂಧ್ರ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವವನು. ಬೆಳಿಗ್ಗೆಯೇ ಫೋನ್ ಮಾಡಿದ. “ಲಗೂನ ಬಾರಪ್ಪ, ಒಂದು ಫೈಲೂ ತೆಗೀವಲ್ದು. ನಾಗವೇಣಿನೂ ಕರ್ಕೊಂಡು ಬಾ.”

ನಾಗವೇಣಿ ಊರಲ್ಲೇ ಕೂತು ಒಂದು ಸೈಬರ್ ಸುರಕ್ಷತೆಯ ಕಂಪನಿಗೆ ಕೆಲಸ ಮಾಡುತ್ತಾಳೆ. (ಏನು ಕೆಲಸ ಎಂದು ಅವತ್ತಿನವರೆಗೂ ನಾನು ಕೇಳಿರಲಿಲ್ಲ. ನಾಚಿಕೆಗೇಡು.)

ಹೋದೆವು. ಯಾರೋ ಕಳ್ಳರು ಕಂಪ್ಯೂಟರಿಗೆ ನುಗ್ಗಿ ಪ್ಯಾಂಟಿನ ಅಳತೆ ನಕ್ಷೆಗಳಿಗೆಲ್ಲ ಬೀಗ ಹಾಕಿದ್ದರು. ನಕ್ಷೆಯಿಲ್ಲದೆ ಬಟ್ಟೆ ಕತ್ತರಿಸುವಂತಿಲ್ಲ. ಹೊಲಿಗೆಯ ಹೆಂಗಸರು ಕೈಕಟ್ಟಿ ಕೂತಿದ್ದರು. “ಏಮೈಂದಿ ಸಾರ್, ಏನಾತು, ಮನೀಗೆ ಹೋಗೋಣೇನ್ರಿ?” ಎಂದು ಒಬ್ಬಾಕೆ ಕೇಳಿದಳು.

ಪರದೆಯ ಮೇಲೆ ‘ಹಣ ಕೊಟ್ಟರೆ ಬೀಗ ತೆಗೆಯುತ್ತೇವೆ’ ಎಂಬ ಸೂಚನೆ, ಕೆಳಗೆ ಕಳ್ಳರ ತಂಡದ ಹೆಸರಿತ್ತು. ಅದೇ ತಂಡದ ಬಗ್ಗೆ ತಜ್ಞರು ಬರೆದ ವರದಿಯೊಂದನ್ನು ನಾಗವೇಣಿ ತನ್ನ ಲ್ಯಾಪ್‌ಟಾಪಿನಲ್ಲಿ ಹುಡುಕಿದಳು. ನಲವತ್ತು ಪುಟ, ಗಡುಸು ಇಂಗ್ಲಿಷು. ಓದುತ್ತ ಕೂರಲಿಲ್ಲ, ಲಾಂಗ್ವೇಜ್ ಮಾಡೆಲ್‌ಗೆ, ಅಂದರೆ ನಾವೆಲ್ಲ ಎಐ ಎನ್ನುವುದಕ್ಕೆ, ಕೊಟ್ಟಳು. “ಇವರು ಒಳಗ ಬರೋದು ಹೆಂಗ, ಬಂದು ಏನೇನು ಮಾಡ್ತಾರ ಅಂತ ಕೇಳೀನಿ. ಯಾವ ಸಾಲಿನಾಗ ಐತಿ ಅಂತಾನೂ ತೋರಿಸಬೇಕು,” ಎಂದಳು. ಕಳ್ಳರ ಕಸುಬುಗಳಿಗೂ ನಂಬರ್ ಹಚ್ಚಿದ ಪಟ್ಟಿ ಇದೆಯಂತೆ! ವರದಿಯಲ್ಲಿ ಹೇಳಿದ ಒಂದೊಂದು ಕಸುಬೂ ಆ ಪಟ್ಟಿಯ ಯಾವ ನಂಬರೆಂದು ಗುರುತಿಸುವುದು ಎಐ ಕೆಲಸ.

ಚಹಾ ಬರುವಷ್ಟರಲ್ಲಿ ಉತ್ತರ ಬಂತು. ಒಳಗೆ ಬರುವುದು ಬಿಲ್ ಎಂದು ಸುಳ್ಳು ಹೇಳುವ ಈಮೇಲ್‌ನಿಂದ. ಹರಡುವುದು ಪೆನ್‌ಡ್ರೈವ್‌ನಿಂದ. ಬೀಗ ಹಾಕಿದ ಮೇಲೂ ಕಳ್ಳರ ವೈರಸ್ ಒಳಗೇ ಹೊಂಚಿ ಕೂತಿದ್ದು, ಹೊಸದಾಗಿ ಯಾವ ಡಿಸ್ಕ್ ಸಿಕ್ಕಿಸಿದರೂ ಅದಕ್ಕೂ ಬೀಗ.

ಆಗಲೇ ತಿಪ್ಪೇಸ್ವಾಮಿ ಕಪಾಟಿನಿಂದ ಬ್ಯಾಕಪ್ ಡಿಸ್ಕ್ ತಂದಿದ್ದ. ನಕ್ಷೆಗಳಿಗೆ ಉಳಿದಿದ್ದ ಒಂದೇ ನಕಲು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಲು ಹೊರಟವನು ಅವಳ ಮಾತು ಕೇಳಿ ಕೆಳಗಿಟ್ಟ.

“ಎಐ ಹೇಳಿದ್ದೆಲ್ಲ ಖರೇನಾ?” ಎಂದೆ.

“ಅದಕ್ಕ ಸಾಲು ಕೇಳೋದು, ಮಾವ.”

ಒಂದೊಂದು ಸಾಲನ್ನೂ ತಾನೇ ತೆಗೆದು ಓದಿದಳು. ಪೆನ್‌ಡ್ರೈವ್ ಮಾತು ತಪ್ಪಾಗಿತ್ತು. ವರದಿಯಲ್ಲಿದ್ದದ್ದು ‘ಹರಡುವುದಿಲ್ಲ’ ಎಂದು. “ಒಮ್ಮೊಮ್ಮೆ ‘ಇಲ್ಲ’ ಅನ್ನೋದನ್ನ ನುಂಗಿಬಿಡ್ತೈತಿ,” ಎಂದು ಅದನ್ನು ಹೊಡೆದುಹಾಕಿದಳು. ಡಿಸ್ಕಿನ ಮಾತು ಮಾತ್ರ ಮೂವತ್ತೊಂದನೇ ಪುಟದಲ್ಲಿ ಅಕ್ಷರಶಃ ಇತ್ತು.

ಸೋಂಕಿಲ್ಲದ ಬೇರೊಂದು ಲ್ಯಾಪ್‌ಟಾಪ್ ತರಿಸಿ ಡಿಸ್ಕ್ ಸಿಕ್ಕಿಸಿದೆವು. ನಕ್ಷೆಗಳು ಒಂದೊಂದಾಗಿ ತೆರೆದುಕೊಂಡವು. ಮಧ್ಯಾಹ್ನದ ಹೊತ್ತಿಗೆ ಮಷೀನುಗಳ ಸದ್ದು ಶುರು. ತಿಪ್ಪೇಸ್ವಾಮಿ ನಾಗವೇಣಿಯ ತಲೆ ಮೇಲೆ ಕೈಯಿಟ್ಟ.

ನನಗಿನ್ನೂ ಅದೇ ಗುಂಗು. ಇಂಥ ವರದಿಗಳು ದಿನವೂ ಬರುತ್ತವಂತೆ. ಯಾವ ಕಳ್ಳ ಹೇಗೆ ಬರುತ್ತಾನೆಂದು ಅಷ್ಟೂ ಅವುಗಳಲ್ಲೇ ಇರುತ್ತದೆ, ಆದರೆ ಓದಲು ಯಾರಿಗೂ ಪುರುಸೊತ್ತಿಲ್ಲ. ಇಷ್ಟು ದಿನ ಪುರುಸೊತ್ತು ಇದ್ದದ್ದು ಕಳ್ಳರಿಗೆ ಮಾತ್ರ. ಎಐ ಓದಿಕೊಡುವುದರಿಂದ ಈಗ ನಮಗೂ ಸಿಕ್ಕಿತಲ್ಲವೇ?